ಸೊಸೆ ಮೊದಲು ಹೋದಳು

ಸಂಚಾರಿ ಆಸ್ಪತ್ರೆಯ ಡಾಕ್ಟರಮ್ಮನವರಿಗೆ,

ನಾನು ಈ ಕೇರಿಯ ದೊಡ್ಡಮ್ಮ. ನಾನು ಹೆಜ್ಜೆಯಿಡದ ಕಡೆ ಇಲ್ಲಿನ ಹೆಂಗಸರು ಹೋಗುವುದಿಲ್ಲ. ಮೂರು ವಾರ ನಿಮ್ಮ ವ್ಯಾನು ಖಾಲಿ ನಿಂತದ್ದು ಸೂಜಿಯ ಭಯದಿಂದಲ್ಲ. ನಿಮ್ಮವರು ಬಂದು ಕರೆಯಲಿಲ್ಲವೆಂದು ನಾನು ಬರಲಿಲ್ಲ, ಅಷ್ಟೆ.

ಕೊನೆಗೆ ತುಂಬು ಗರ್ಭಿಣಿ ಸೊಸೆ, ಊದಿದ ಕಾಲೆಳೆದುಕೊಂಡು, “ಅತ್ತೆ, ನಿಮ್ಮ ಬಿಂಕ ಇಳಿಯೋವರೆಗೂ ನನ್ನ ಮಗು ಕಾಯಲ್ಲ” ಎಂದು ಹೊರಟೇಬಿಟ್ಟಳು. ನೀವು ರಕ್ತದೊತ್ತಡ ನೋಡಿ ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಿದಿರಿ. ಇಬ್ಬರೂ ಉಳಿದರು. ಮೊಮ್ಮಗಳಿಗೆ ನನ್ನದೇ ಮೂಗು. ಅತ್ತರೂ ಅಪ್ಪಣೆ ಕೊಟ್ಟಂತಿರುತ್ತದೆ.

ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ. ಇನ್ನು ನೀವು ಬಿಸಿಲಲ್ಲಿ ನಿಲ್ಲಬೇಡಿ. ನಮ್ಮ ಪಡಸಾಲೆ ಖಾಲಿ ಮಾಡಿಸಿ, ಕಿಟಕಿಗಳಿಗೆ ಪರದೆ ಕಟ್ಟಿಸಿದ್ದೇನೆ. ಹದಿನೇಳು ಹೆಂಗಸರನ್ನು ಕರೆಸಿ ಕೂರಿಸಿಯೂ ಆಗಿದೆ.

ನಿಮ್ಮ ಹಾದಿ ನೋಡುತ್ತಿರುವ
ಹೊಸ ಅಜ್ಜಿ