ಕಮಲಾಕ್ಷಿಯ ಮನೆಯ ಹಾಲು

ಭವಾನಿಪುರಂ, ವಿಜಯವಾಡ
೧೦ ಜನವರಿ ೨೦೧೫

ಪ್ರೀತಿಯ ಅಣ್ಣಪ್ಪಾ,

ಸಮುದ್ರದಾಚೆಯ ಆ ಕಿಳಿನೊಚ್ಚಿಯ ನೀರು ಈಗಲಾದರೂ ನಿನ್ನ ಹೊಟ್ಟೆಗೆ ಒಗ್ಗಿತೇ? ಬಿಸಿಲಲ್ಲಿ ಟೋಪಿ ಹಾಕಿಕೊಳ್ಳದೆ ತಿರುಗುತ್ತೀಯೆಂದು ನಿನ್ನ ಜೊತೆಯ ಇಂಜಿನಿಯರ್ ಜಗನ್ಮೋಹನ್ ಚಾಡಿ ಹೇಳಿದರು. ತುಫಾನಿನಲ್ಲಿ ಒಡೆದ ಕಿಟಕಿಗಳನ್ನು ಸರಿಮಾಡಿಸಲು ದ್ವಾರಕಾ ನಗರದ ತಮ್ಮ ಮನೆಗೆ ಬಂದಿದ್ದವರು, ಈಗ ವಾಪಸು ಹೊರಟಿದ್ದಾರೆ. ಈ ಕಾಗದ ಅವರ ಕೈಯಲ್ಲೇ ಬರುತ್ತದೆ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಭಾವ ಮಾತ್ರ ಹೊಸ ಮನೆಯ ಬಣ್ಣದವನ ಹಿಂದೆ ಓಡಾಡಿ ಇಳಿದುಹೋಗಿದ್ದಾರೆ.

ಅಲ್ಲಿಯ ಕಮಲಾಕ್ಷಿ ತನ್ನ ಗೃಹಪ್ರವೇಶಕ್ಕೆ ತಮ್ಮನಾಗಿ ನಿಲ್ಲಲು ಕರೆದಿದ್ದಾಳೆಂದು ಬರೆದ ನಿನ್ನ ಕಾಗದವನ್ನು ಮೂರು ಸಲ ಓದಿದೆ. ಫೋನಿನಲ್ಲಿ ನೀನು, "ನೀನು ಬೇಡ ಅಂದರೆ ಬಂದುಬಿಡುತ್ತೇನೆ ಅಕ್ಕಾ" ಎಂದುಬಿಟ್ಟೆ. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಇಂಥದ್ದನ್ನು ಬರೆದೇ ಹೇಳಬೇಕು. ನಮ್ಮ ಹೊಸ ಮನೆಗೆ ಪುರೋಹಿತರು ಮಾಘ ಶುದ್ಧ ದಶಮಿ, ಇಪ್ಪತ್ತೊಂಬತ್ತನೇ ತಾರೀಖು ಎಂದರು. ಅಲ್ಲಿಯ ತಮಿಳು ಪಂಚಾಂಗವೂ ಕಮಲಾಕ್ಷಿಯ ಮನೆಗೆ ಅದೇ ದಿನವನ್ನು ಕೊಟ್ಟಿದೆಯಂತೆ. ಸಮುದ್ರ ಅಡ್ಡ ಇದ್ದರೂ ಒಳ್ಳೆಯ ದಿನ ಎರಡು ಕಡೆಗೂ ಒಂದೇ. ಅದಕ್ಕೆ ಸಂತೋಷಪಡುವ ಮೊದಲು ನಾನು ಒಂದು ರಾತ್ರಿ ಮುನಿಸಿಕೊಂಡಿದ್ದೆ. ಗೃಹಪ್ರವೇಶಕ್ಕೆ ತವರಿನ ಬಟ್ಟೆ ಹಿಡಿದು ಬರಲು ನನಗಿರುವುದು ನೀನೊಬ್ಬನೇ ಅಲ್ಲವೇ?

ಅವಳಿಗೆ ಅಷ್ಟೂ ಇಲ್ಲ. ಗಂಡ, ಇಬ್ಬರು ತಮ್ಮಂದಿರು, ಎಲ್ಲರೂ ಯುದ್ಧದ ಕೊನೆಯ ತಿಂಗಳುಗಳಲ್ಲೇ ಹೋದರು ಎಂದು ಬರೆದಿದ್ದೀಯ. ಅಲ್ಲಿ ಮನೆ ಕಳೆದುಕೊಂಡವರಿಗೆ ನಮ್ಮ ದೇಶದ ಸರ್ಕಾರ ಹಂತ ಹಂತವಾಗಿ ಹಣ ಕೊಡುತ್ತದೆ, ಆದರೆ ಮನೆಯನ್ನು ಅವರೇ ಕಟ್ಟಿಕೊಳ್ಳಬೇಕು, ನೀನು ತಳಪಾಯ, ಗೋಡೆ, ಚಾವಣಿ ನೋಡಿ ಸಹಿ ಹಾಕಬೇಕು ಎಂಬುದು ನನಗೆ ಬಹಳ ಹಿಡಿಸಿತು. ಅಡುಗೆಮನೆಯ ಕಿಟಕಿಯಿಂದ ಬಾವಿ ಕಾಣುವುದಿಲ್ಲವೆಂದು, ನೀನು ಸರಿ ಎಂದಿದ್ದ ಗೋಡೆಯನ್ನೇ ಅವಳು ಕೆಡವಿಸಿದಳಂತಲ್ಲ! ಇಲ್ಲಿ ನಮ್ಮ ಕಂಟ್ರಾಕ್ಟರು ನಾನು ಹೇಳಿದ ಕಡೆ ಒಂದು ಸ್ವಿಚ್ಚನ್ನೂ ಹಾಕಲಿಲ್ಲ. ಓದುತ್ತಾ ನಕ್ಕೆ, ಆಮೇಲೆ ನಾಚಿಕೆಯೂ ಆಯಿತು.

ಅತ್ತೆಯವರಿಗೆ ವಿಷಯ ಹೇಳಿದಾಗ ಅವರು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅನ್ನಪೂರ್ಣಮ್ಮನವರು ಸಿಟ್ಟಾದರೆ ತೆಲುಗು ಎಷ್ಟು ವೇಗವಾಗಿ ಬರುತ್ತದೆಂದು ನಿನಗೆ ಗೊತ್ತು. "ಇಲ್ಲಿ ಹುಟ್ಟಿದ ಅಕ್ಕ ಇರುವಾಗ ಅಲ್ಲಿ ಹೋಗಿ ತಮ್ಮನಾಗುತ್ತಾನಂತಾ? ಬಂದವರಿಗೆ ನಾನೇನು ಹೇಳಲಿ ಅಮ್ಮಾಯ್?" ಎಂದರು. ವಾದ ಮಾಡದೆ ನಿನ್ನ ಕಾಗದದ ಉಳಿದ ಭಾಗವನ್ನು ತೆಲುಗಿನಲ್ಲಿ ಓದಿ ಹೇಳಿದೆ. ಮುತ್ತೈದೆಯೇ ಹಾಲು ಉಕ್ಕಿಸಬೇಕೆಂದು ಊರಿನ ಹಿರಿಯರು ಹೇಳಿದ್ದು, ಅದಕ್ಕೆ ಕಮಲಾಕ್ಷಿ, "ಸಿಮೆಂಟು ಕಲಸುವಾಗ ಯಾರೂ ಮುತ್ತೈದೆಯನ್ನು ಕರೆಸಲಿಲ್ಲ. ಹಾಲು ನಾನೇ ಉಕ್ಕಿಸುತ್ತೇನೆ, ತಮ್ಮನ ಜಾಗದಲ್ಲಿ ಒಬ್ಬರು ನಿಂತರೆ ಸಾಕು" ಎಂದದ್ದು. ಅತ್ತೆಯವರ ಕೈ ನಿಂತಿತು. ಅವಳೇ ಉಕ್ಕಿಸುತ್ತಾಳಾ ಎಂದು ಕೇಳಿದರು. ಹೌದೆಂದೆ. ಯಾರೂ ಏನೂ ಅನ್ನಲಿಲ್ಲವಾ ಎಂದರು. ಅಂದರು, ಅವಳು ಕೇಳಲಿಲ್ಲ ಎಂದೆ. ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು. ಮಾವ ಹೋದ ಹನ್ನೊಂದು ವರ್ಷಗಳಿಂದ ಅವರು ಯಾವ ಶುಭಕಾರ್ಯದಲ್ಲೂ ಮುಂದೆ ನಿಂತವರಲ್ಲ. ನಮ್ಮ ಗೃಹಪ್ರವೇಶದ ದಿನವೂ ಹಿತ್ತಿಲಲ್ಲಿ ಅಡುಗೆಯವರ ಹತ್ತಿರ ಇರುತ್ತೇನೆಂದು ಮೊದಲೇ ಹೇಳಿಬಿಟ್ಟಿದ್ದಾರೆ.

ಆದ್ದರಿಂದ, ಅಣ್ಣಪ್ಪಾ, ನೀನು ಅಲ್ಲೇ ಇರು. ಇದು ಬೇಸರದ ಮಾತಲ್ಲ, ಅಕ್ಕನ ಅಪ್ಪಣೆ. ಸರ್ಕಾರ ಮನೆ ಕೊಡಬಲ್ಲದು, ದೊಡ್ಡ ಮಾತೇ. ಆದರೆ ತವರನ್ನು ಯಾವ ಸರ್ಕಾರವೂ ಮಂಜೂರು ಮಾಡಲಾರದು, ಯಾರಾದರೊಬ್ಬರು ತಾವೇ ತವರಾಗಬೇಕು. ಜಗನ್ಮೋಹನ್ ಕೈಯಲ್ಲಿ ಒಂದು ಮಂಗಳಗಿರಿ ಸೀರೆ ಕಳಿಸಿದ್ದೇನೆ, ಬಾಳೆಎಲೆಯ ಹಸಿರು, ಕೆಂಪು ಅಂಚು. ಫಲಾನುಭವಿಗಳಿಂದ ಏನೂ ತೆಗೆದುಕೊಳ್ಳಬಾರದೆಂದು ನಿಮ್ಮ ನಿಯಮವಂತೆ. ಅವರಿಗೆ ಕೊಡಲೂಬಾರದೆಂದಿದ್ದರೆ ನನಗೆ ತಿಳಿಸಬೇಡ. ನಿಂತು ಕೊಡು, ಎರಡೂ ಕೈಯಿಂದ ಕೊಡು, ಬೆವರು ಒರೆಸಿಕೊಂಡು ಹೋಗು.

ನಿನ್ನ ಭಾವನ ಆಶೀರ್ವಾದಗಳು. ಇಂದ್ರಕೀಲಾದ್ರಿಯ ಅಮ್ಮನವರ ಕುಂಕುಮ ಸೀರೆಯ ಮಡಿಕೆಯಲ್ಲಿದೆ. ನೂರು ಮನೆಗಳ ಬಾಗಿಲು ನಿನ್ನ ಸಹಿಯಿಂದ ತೆರೆಯಲಿ.

ನಿನ್ನ ಅಕ್ಕ,
ಶಾರದಾ

ಮತ್ತೊಂದು ಮಾತು: ಲಕೋಟೆ ಅಂಟಿಸುವಾಗ ಅತ್ತೆಯವರು ಬಂದು ಬಾಗಿಲಲ್ಲಿ ನಿಂತರು. ಜಗನ್ಮೋಹನ್ ಕೆಳಗೆ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. "ಆ ಹುಡುಗಿ ಎಷ್ಟು ಗಂಟೆಗೆ ಒಲೆ ಹಚ್ಚುತ್ತಾಳೆ, ಕೇಳಿ ತಿಳಿಸು ಎಂದು ಬರಿ ಅಮ್ಮಾಯ್. ಇಲ್ಲಿ ಹಾಲು ನಾನು ಉಕ್ಕಿಸುತ್ತೇನೆ" ಎಂದರು. ಮಗನಿಗೆ ತಾವೇ ಹೇಳುತ್ತಾರಂತೆ. ಗಂಟೆಯನ್ನು ಸರಿಯಾಗಿ ಕೇಳಿಕೊಂಡು, ಕಾಗದ ತಲುಪಿದ ದಿನವೇ ಫೋನ್ ಮಾಡು.