ಟೋಲಿಚೌಕಿಯ ಏರಿನಲ್ಲಿ ನಿಂತ ಗಾಡಿ

ಬೇಗಂ ಬಜಾರ್, ಹೈದರಾಬಾದ್
೯ ಫೆಬ್ರವರಿ ೨೦೨೫

ಪ್ರೀತಿಯ ತಮ್ಮ ಕಾಶಿನಾಥನಿಗೆ ಅಣ್ಣನ ಆಶೀರ್ವಾದ.

ಕಾಲು ಹೇಗಿದೆ? ಎರಡು ಬೆರಳು ತೆಗೆದ ಜಾಗದಲ್ಲಿ ಚಳಿಗೆ ಇನ್ನೂ ಸೆಳೆತ ಬರುತ್ತದೆ ಎಂದು ಊರಿನಿಂದ ಅವ್ವ ಹೇಳಿದಳು. ಬಿಸಿನೀರಿನಲ್ಲಿ ಇಟ್ಟುಕೋ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಅತ್ತಿಗೆ ಉಮಾಶ್ರೀ ದಿನಾ ನೆನೆಯುತ್ತಾಳೆ. ಅವಳ ಜೋಳದ ರೊಟ್ಟಿಯನ್ನು ನಿನ್ನಷ್ಟು ಆಸೆಯಿಂದ ತಿನ್ನುವವರು ಈಗ ಮನೆಯಲ್ಲಿಲ್ಲ.

ಸುದ್ದಿ ಗಾಡಿಯದು. ಗೋಪಿನಾಥ ಸೇಠ್ ತನ್ನ ಕಿರಾಣಿ ಗೋದಾಮಿಗೆ ಬ್ಯಾಟರಿ ಟ್ರಕ್ ತಂದು, ಕೀಲಿಯನ್ನು ನನಗೆ ಕೊಡದೆ ನಿನಗೆ ಕೊಟ್ಟ ದಿನ ಹಮಾಲರ ಮುಂದೆ ನಾನು ನಕ್ಕಿದ್ದು ನೆನಪಿದೆಯಲ್ಲ? "ಬ್ಯಾಟರಿ ಮ್ಯಾಲೆ ಟಾರ್ಚು ನಡೀತೈತಿ, ಟ್ರಕ್ ನಡ್ಯಾಂಗಿಲ್ಲ." ನೀನು ಸಿಟ್ಟಾಗಲಿಲ್ಲ. "ಅಣ್ಣಾ, ಒಂದ್ ಸಲ ಕುಂತು ನೋಡು" ಎಂದೆ. ಹದಿನೆಂಟು ವರ್ಷ ನಾನು ಓಡಿಸಿದ ಡೀಸೆಲ್ ಗಾಡಿಯನ್ನು ದಸರೆಯ ಹೊತ್ತಿಗೆ ಗುಜರಿಗೆ ಹಾಕುವುದೆಂದು ಸೇಠ್ ಹೇಳಿದ್ದ. ಆಮೇಲೆ ನನಗೆ ಮೂಟೆ ಹೊರುವ ಕೆಲಸ. ಐವತ್ತೆರಡರ ವಯಸ್ಸಿನಲ್ಲಿ, ಈ ಮೊಣಕಾಲಿನಲ್ಲಿ, ತಮ್ಮ ಓಡಿಸುವ ಗಾಡಿಗೆ.

ಮಣಿಕೊಂಡದ ಮದುವೆಗೆ ಅಕ್ಕಿ, ಎಣ್ಣೆ ಒಯ್ಯಬೇಕಾಗಿದ್ದ ದಿನ ಬೆಳಗಿನ ಓಡಾಟದಲ್ಲೇ ಚಾರ್ಜ್ ಇಳಿದಿತ್ತು. ನೀನು ಪ್ಲಗ್ ಹಾಕಿ ಊಟಕ್ಕೆ ಹೋದೆ. ನೀನು ಮರೆಯಾದ ಕೂಡಲೇ ನಾನು ಅದನ್ನು ಕಿತ್ತೆ. ಹೌದು, ನಾನೇ. ನೀನು ಬಂದಾಗ ನಾನು "ತುಂಬೈತಿ, ನಾ ನೋಡೀನಿ, ಹೊಂಡು" ಎಂದೆ. ಮೆಹದಿಪಟ್ನಂ ದಾಟಿ ನೀನು ಫೋನ್ ಮಾಡಿದೆ: "ಅಣ್ಣಾ, ಚಾರ್ಜ್ ಭಾಳ ಕಮ್ಮಿ ತೋರಸಾಕತ್ತೈತಿ." ನಾನಂದೆ: "ಮೀಟರ್ ಸುಳ್ಳು ತೋರಸ್ತೈತಿ. ಅಡಿಗಿಯವರು ಕಾಯಾಕತ್ತಾರ, ನಡಿ." ನೀನು ನನ್ನನ್ನು ನಂಬಿದೆ.

ಟೋಲಿಚೌಕಿ ಫ್ಲೈಓವರಿನ ಏರಿನಲ್ಲಿ ಗಾಡಿ ನಿಂತಿತು. ಹಿಂದಿನವರ ಹಾರ್ನಿಗೆ ಗಾಬರಿಯಾಗಿ ನೀನು ಒಬ್ಬನೇ ತಳ್ಳಲು ಇಳಿದೆ. ಗಾಡಿ ಹಿಂದಕ್ಕೆ ಜರಿದು ಚಕ್ರ ನಿನ್ನ ಪಾದದ ಮೇಲೆ ಹತ್ತಿತು. ನಾನು ಡೀಸೆಲ್ ಗಾಡಿ ತಂದು ಮೊದಲು ಮೂಟೆ ಬದಲಾಯಿಸಿದೆ, ಆಮೇಲೆ ನಿನ್ನನ್ನು ಆಸ್ಪತ್ರೆಗೆ ಒಯ್ದೆ. ಚಾರ್ಜ್ ನೋಡಲು ಬಾರದವನು ಎಂಥ ಡ್ರೈವರ್ ಎಂದು ಸೇಠ್ ನಿನ್ನ ಮಂಚದ ಪಕ್ಕದಲ್ಲೇ ನಿಂತು ಕೀಲಿ ಕಸಿದುಕೊಂಡ. ನೀನು ನನ್ನ ಮುಖ ನೋಡಿದೆ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಈಗ ಆ ಗಾಡಿ ನನ್ನ ಕೈಯಲ್ಲಿದೆ. ನೀನು ಹೇಳಿದ್ದೇ ನಿಜ. ಇಪ್ಪತ್ತು ಮೂಟೆ ಸಕ್ಕರೆ ಹೇರಿದರೂ ಅದೇ ಏರನ್ನು ಆರಾಮವಾಗಿ ಹತ್ತುತ್ತದೆ. ಸಿಕಂದರಾಬಾದಿಗೆ ಎರಡು ಸಲ ಹೋಗಿಬಂದರೂ ಚಾರ್ಜ್ ಉಳಿದಿರುತ್ತದೆ. ಕ್ಲಚ್ ತುಳಿಯಬೇಕಿಲ್ಲವಾದ್ದರಿಂದ ನನ್ನ ಮೊಣಕಾಲಿನ ನೋವು ಹೋಗಿದೆ. ಈ ಸಂತೋಷವನ್ನು ಇನ್ಯಾರಿಗೆ ಹೇಳಲಿ? ಗಾಡಿಯನ್ನು ತಿಳಿದವನು ನೀನೊಬ್ಬನೇ. ಪ್ಲಗ್ಗಿನ ವಿಷಯ ಅವ್ವನಿಗೆ ಹೇಳುವುದಿದ್ದರೆ ಹೇಳು. ದೊಡ್ಡವನ ಮೇಲೆ ಹೊಟ್ಟೆಕಿಚ್ಚು ಎಂದು ನಿನ್ನನ್ನೇ ಬೈಯುತ್ತಾಳೆ.

ಕಾಲು ಜೋಪಾನ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಮಾಣಿಕಪ್ಪ

ಬರೆಯಲು ಮರೆತೆ: ಸೇಠ್ ಇನ್ನೊಂದು ಬ್ಯಾಟರಿ ಟ್ರಕ್ ತರುತ್ತಿದ್ದಾನೆ. ನಾನು ಕಾಶಿನಾಥನಿಗೆ ಅನ್ಯಾಯ ಮಾಡಿದೆ, ಅವನನ್ನೇ ಕರೆಸು ಎಂದು ಮೊನ್ನೆ ಹೇಳಿದ. ಹೋದ ತಿಂಗಳು ನೀನು ತೀರಿಕೊಂಡೆ ಎಂದು ಅವನಿಗೆ ಹೇಳಿದ್ದೇನೆ. ಅವನು ಕಣ್ಣೊರೆಸಿಕೊಂಡ, ಹಮಾಲರೂ ಅತ್ತರು. ಇನ್ನು ಈ ಕಡೆ ಬರಬೇಡ.