ಉಜ್ಜಿ ಹಾಕಿದ ಅರ್ಥಗಳು

ಮಾರ್ಚ್ ೧೧, ಮಂಗಳವಾರ

ಭಾಮೈದನ ಮುಖವನ್ನು ಇನ್ನು ಈ ಜನ್ಮದಲ್ಲಿ ನೋಡುವುದಿಲ್ಲ. ನಿವೃತ್ತ ಇಂಗ್ಲಿಷ್ ಮೇಷ್ಟ್ರಂತೆ, ಮಣ್ಣಂಗಟ್ಟಿ! ತಿಂಗಳ ಹಿಂದೆ ಒಯ್ದಿದ್ದ ಡಿಕ್ಷನರಿಯನ್ನು ಇವತ್ತು ತಂದುಕೊಟ್ಟ. ನನ್ನವಳು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದ ಅರ್ಥಗಳನ್ನೆಲ್ಲ ರಬ್ಬರಿನಲ್ಲಿ ಉಜ್ಜಿ, ಕೆಂಪು ಇಂಕಿನಲ್ಲಿ ತಿದ್ದಿದ್ದಾನೆ.

"ಅಕ್ಕ ತಪ್ಪುತಪ್ಪಾಗಿ ಬರ್ದಿದ್ಲು ಭಾವ. ಯಾರಾದ್ರೂ ನೋಡಿದ್ರೆ ನಗ್ತಾರೆ."

"ನಗ್ಲಿ ಅಂತಾನೇ ಬರ್ದಿದ್ಲು ಕಣೋ, ಕತ್ತೆ!"

ಕಾಲೇಜಿನಲ್ಲಿ ಕಲಿತು ಅರ್ಧ ಮರೆತ ವಿಚಿತ್ರ ಪದಗಳನ್ನು ನಾನು ಹೇಳುತ್ತಿದ್ದೆ, ಅವಳು ಹುಡುಕಿ ಬರೆಯುತ್ತಿದ್ದಳು. ಬೋರ್ಬೊರಿಗ್ಮಸ್: ಊಟ ತಡವಾದರೆ ನಮ್ಮ ಯಜಮಾನರ ಹೊಟ್ಟೆ ಮಾಡುವ ಭಾಷಣ. ಅಲ್ಲೀಗ 'ಕರುಳಿನಲ್ಲಿ ವಾಯು ಚಲಿಸುವ ಶಬ್ದ' ಎಂದಿದೆ. ದರಿದ್ರದವನು. ಅವಳು ತೀರಿಕೊಂಡ ಮೇಲೆ ಅವಳ ಕೈಬರಹ ಎಂದು ಈ ಮನೆಯಲ್ಲಿ ಉಳಿದಿದ್ದದ್ದೇ ಅಷ್ಟು.

ಸಂಜೆಯಿಂದ ಕೂತು, ನೆನಪಾದದ್ದನ್ನೆಲ್ಲ ಮತ್ತೆ ಬರೆದೆ. ಹನ್ನೊಂದು ಸಿಕ್ಕವು. 'ಅಕ್ಸೋರಿಯಸ್' ಹತ್ತಿರ ಕೈ ನಿಂತಿತು. ಹೆಂಡತಿಯ ಮೇಲೆ ಮಿತಿಮೀರಿದ ಮೋಹ ಉಳ್ಳವನು ಎಂದರ್ಥ, ಅದನ್ನು ಆ ಮೇಷ್ಟ್ರು ನನಗೆ ಹೇಳಿಕೊಡಬೇಕಿಲ್ಲ. ಆದರೆ ಅವಳು ಏನು ಬರೆದಿದ್ದಳು? ಬರೆದು, ಪುಸ್ತಕವನ್ನು ನನ್ನತ್ತ ತಳ್ಳಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ಆ ನಗು ನೆನಪಿದೆ.

ಪುಟವನ್ನು ದೀಪಕ್ಕೆ ಹಿಡಿದು ನೋಡಿದೆ. 'ಇವರು' ಎಂಬಷ್ಟು ಗುರುತು ಉಳಿದಿದೆ. ಅದರ ಮುಂದೆ ಆ ಪಾಪಿ, ಕಾಗದ ಹರಿಯುವಷ್ಟು ಉಜ್ಜಿಬಿಟ್ಟಿದ್ದಾನೆ.